ಹೊಸ ಗೇಮ್ ಕನ್ಸೋಲ್ ಬರಲು ಸರಿಯಾದ ಸಮಯ ಯಾವುದು? ಪಿಎಸ್5 ಕೊಳ್ಳಲೋ, ಪಿಎಸ್6ಕ್ಕೆ ಕಾಯಲೋ?

ನೀವು ಎರಡು ವಿಷಯ ಕೇಳಿದ್ದೀರಿ. ಕನ್ಸೋಲ್‌ಗಳ, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳ, ಹೊಸ ಪೀಳಿಗೆ ಐದು ವರ್ಷಕ್ಕೊಮ್ಮೆ ಬರಬೇಕೋ ಏಳೆಂಟು ವರ್ಷಕ್ಕೊಮ್ಮೆಯೋ ಎಂಬುದು ಒಂದು. ಇನ್ನೂ ಸೋನಿಯ ಪಿಎಸ್4ನಲ್ಲೇ (ಪಿಎಸ್ ಎಂದರೆ ಪ್ಲೇಸ್ಟೇಷನ್) ಆಡುತ್ತಿರುವ ನೀವು ಈಗ ಪಿಎಸ್5 ಕೊಳ್ಳಬೇಕೋ, ಮುಂದಿನದಕ್ಕೆ ಕಾಯಬೇಕೋ ಎಂಬುದು ಇನ್ನೊಂದು. ನಾನು ಆಟ ತಯಾರಿಸುವವನಲ್ಲ. ಪಿಎಸ್2 ಕಾಲದಿಂದ ಆಡುತ್ತಾ, ಯಾವ ಯಂತ್ರ ಗೆದ್ದಿತು, ಯಾವುದು ಸೋತಿತು, ಯಾಕೆ ಎಂದು ಗಮನಿಸುತ್ತಾ ಬಂದವನು. ಇಷ್ಟು ವರ್ಷ ನೋಡಿದ ಮೇಲೆ ನನಗನ್ನಿಸುವುದು, ವರ್ಷ ಎಣಿಸಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಆಟಗಳನ್ನು ಎಣಿಸಬೇಕು. ಈ ಯಂತ್ರ ಬೇಕೇ ಬೇಕು ಎನ್ನಿಸುವಂಥ ಆಟ ಸಿದ್ಧವಾಗಿದ್ದರೆ ಸಮಯ ಬಂದಿದೆ, ಇಲ್ಲದಿದ್ದರೆ ಬಂದಿಲ್ಲ.

ವರ್ಷದ ಲೆಕ್ಕ ಹೇಗೆ ಕೈಕೊಡುತ್ತದೆ ನೋಡಿ. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ 2001ರ ನವೆಂಬರ್‌ನಲ್ಲಿ ಬಂತು, ನಾಲ್ಕೇ ವರ್ಷಕ್ಕೆ ಎಕ್ಸ್‌ಬಾಕ್ಸ್ 360 ಬಂತು. ಪಿಎಸ್3ಗಿಂತ ಒಂದು ವರ್ಷ ಮೊದಲೇ ಬಂದದ್ದರಿಂದ ಅದಕ್ಕೆ ಲಾಭವೂ ಆಯಿತು. ಆದರೆ ಯಂತ್ರಗಳು ಕೆಂಪು ದೀಪ ತೋರಿಸಿ ಕೆಟ್ಟು ನಿಲ್ಲತೊಡಗಿದಾಗ, 2007ರಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಮೈಕ್ರೋಸಾಫ್ಟ್ ಅದಕ್ಕಾಗಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ತೆಗೆದಿಡಬೇಕಾಯಿತು. ನಿಂಟೆಂಡೊ ಕೂಡ 2012ರ ವೀ ಯು ಬಿಟ್ಟು ನಾಲ್ಕು ವರ್ಷ ಚಿಲ್ಲರೆಗೆ ಸ್ವಿಚ್ ತಂದಿತು. ಅದು ಆ ಕಂಪನಿಯನ್ನೇ ಎತ್ತಿ ನಿಲ್ಲಿಸಿತು. ಅಂತರ ಹೆಚ್ಚುಕಡಿಮೆ ಒಂದೇ, ಫಲ ಬೇರೆ ಬೇರೆ.

ಅವಸರ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಜಪಾನಿನ ಸೆಗಾ ಕಂಪನಿಯ ಸ್ಯಾಟರ್ನ್ ಎಂಬ ಕನ್ಸೋಲಿನ ಕಥೆಯನ್ನು. 1995ರ ಮೇ 11, ಲಾಸ್ ಏಂಜಲೀಸ್‌ನಲ್ಲಿ ವಿಡಿಯೊ ಗೇಮ್‌ಗಳ ಮೊಟ್ಟಮೊದಲ ಇ3 ಮೇಳ. ಸ್ಯಾಟರ್ನ್ ಅಮೆರಿಕಕ್ಕೆ ಸೆಪ್ಟೆಂಬರ್ 2ರಂದು ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಸೆಗಾ ಅಮೆರಿಕದ ಮುಖ್ಯಸ್ಥ ಟಾಮ್ ಕಲಿನ್ಸ್ಕಿ ವೇದಿಕೆಯ ಮೇಲೆ, ಯಂತ್ರ ಆಗಲೇ ಅಂಗಡಿ ಸೇರಿದೆ, ಬೆಲೆ 399 ಡಾಲರ್ ಎಂದು ಘೋಷಿಸಿದರು. ಪ್ಲೇಸ್ಟೇಷನ್‌ಗಿಂತ ನಾಲ್ಕು ತಿಂಗಳು ಮುಂದೆ ಇರಬೇಕು ಎಂಬುದೇ ಲೆಕ್ಕ. ಆದರೆ ಹೊರಗಿನ ಸ್ಟುಡಿಯೊಗಳು ಸೆಪ್ಟೆಂಬರ್ ಗುರಿಯಿಟ್ಟುಕೊಂಡು ಕೆಲಸ ಮಾಡುತ್ತಿದ್ದವು, ಅವರ ಆಟಗಳು ಅರ್ಧದಲ್ಲಿದ್ದವು. ಸರಕು ಹೋದದ್ದು ಆಯ್ದ ಕೆಲವೇ ಮಾರಾಟಗಾರರಿಗೆ, ಉಳಿದವರು ಸಿಟ್ಟಾದರು. ಅದೇ ಮೇಳದಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು ಪ್ಲೇಸ್ಟೇಷನ್ ಬೆಲೆಯನ್ನು '299' ಎಂದಷ್ಟೇ ಹೇಳಿ ಹೊರಟುಹೋದರು.

ಇದಕ್ಕಿಂತ ನನಗೆ ಹೆಚ್ಚು ಬೇಸರ ತರಿಸುವುದು ಅದಕ್ಕೆ ಆರು ತಿಂಗಳ ಹಿಂದಿನ ಸಂಗತಿ. 1994ರ ನವೆಂಬರ್‌ನಲ್ಲಿ ಇದೇ ಸೆಗಾ, ತನ್ನ ಹಳೆಯ ಕನ್ಸೋಲ್ ಜೆನೆಸಿಸ್‌ನ ತಲೆಗೆ ಸಿಕ್ಕಿಸುವ 32ಎಕ್ಸ್ ಎಂಬ ಜೋಡಣೆಯನ್ನು ಮಾರಿತ್ತು. ದುಡ್ಡು ಕೂಡಿಟ್ಟು ಅದನ್ನು ಕೊಂಡ ಹುಡುಗರ ಎದುರಿಗೆ ಆರೇ ತಿಂಗಳಲ್ಲಿ ಇನ್ನೊಂದು ಹೊಸ ಯಂತ್ರ ಬಂದು ನಿಂತಿತು. ಅಲ್ಲಿಂದ ಕಳೆದುಹೋದ ನಂಬಿಕೆ ಮರಳಿ ಬರಲಿಲ್ಲ. ಮುಂದೆ 1998ರಲ್ಲಿ ಡ್ರೀಮ್‌ಕಾಸ್ಟ್ ಎಂಬ ನಿಜಕ್ಕೂ ಒಳ್ಳೆಯ ಯಂತ್ರ ತಂದರೂ ಬಹಳ ಜನ ಪಿಎಸ್2ಗಾಗಿ ಕಾದು ಕೂತರು. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯನ್ನೇ ಬಿಟ್ಟಿತು.

ಇದರ ಎದುರಿಗೆ ಸ್ವಿಚ್ ಇಟ್ಟು ನೋಡಿ. ನಿಂಟೆಂಡೊದ ಹಿಂದಿನ ಯಂತ್ರ ವೀ ಹತ್ತು ಕೋಟಿ ದಾಟಿ ಮಾರಾಟವಾದರೆ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಅದು ಹೊಸ ಯಂತ್ರವೋ ವೀಗೆ ಜೋಡಿಸುವ ಪರಿಕರವೋ ಎಂಬುದೇ ಎಷ್ಟೋ ಜನರಿಗೆ ತಿಳಿಯಲಿಲ್ಲ. ಆ ಸೋಲಿನ ನಡುವೆ ನಿಂಟೆಂಡೊ, 2015ಕ್ಕೆ ಬರಬೇಕಿದ್ದ ಜೆಲ್ಡಾ ಆಟವನ್ನು ತಡೆದು ತಡೆದು, 2017ರ ಮಾರ್ಚ್ 3ರಂದು ಸ್ವಿಚ್ ಜೊತೆಗೇ ಬಿಟ್ಟಿತು. ಬ್ರೆತ್ ಆಫ್ ದಿ ವೈಲ್ಡ್ ಎಂಬ ಆ ಆಟ ವೀ ಯುನಲ್ಲೂ ನಡೆಯುತ್ತಿತ್ತು, ನಿಜ. ಆದರೆ ಅಷ್ಟು ದೊಡ್ಡ ಲೋಕವನ್ನು ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಕೂತು ಆಡಬಹುದು ಎಂದು ಮೊದಲ ದಿನವೇ ತೋರಿಸಿಕೊಟ್ಟದ್ದು ಆ ಜೋಡಿ. ಯಂತ್ರ ಯಾಕೆ ಬೇಕು ಎಂದು ಜಾಹೀರಾತು ವಿವರಿಸಬೇಕಾಗಿರಲಿಲ್ಲ.

ಹಳೆಯ ಯಂತ್ರ ಸಾಕಾಗುತ್ತಿಲ್ಲ ಎಂಬುದು ಆಡುವವರ ಕಣ್ಣಿಗೂ ಬೀಳುತ್ತದೆ. ಪಿಎಸ್4ನಲ್ಲಿ ಆಡುವಾಗ ಒಂದು ಸಂಗತಿ ಗಮನಿಸಿರಬಹುದು. ಓಡುತ್ತಾ ಬಂದ ನಾಯಕ ಎರಡು ಬಂಡೆಗಳ ನಡುವಿನ ಸಂದಿಗೆ ಮೈ ಓರೆ ಮಾಡಿ ನಿಧಾನಕ್ಕೆ ನುಸುಳುತ್ತಾನೆ. ಎಷ್ಟೋ ಆಟಗಳಲ್ಲಿ ಆ ಸಂದಿ ಇರುವುದು ಕಥೆಗಾಗಿ ಅಲ್ಲ. ಅವನು ನುಸುಳುವಷ್ಟು ಹೊತ್ತಿನಲ್ಲಿ ಹಾರ್ಡ್ ಡಿಸ್ಕ್ ಮುಂದಿನ ಪ್ರದೇಶವನ್ನು ಓದಿ ಮುಗಿಸಬೇಕು. ಪಿಎಸ್5 ರೂಪಿಸಿದ ಮಾರ್ಕ್ ಸರ್ನಿ 2020ರ ಉಪನ್ಯಾಸದಲ್ಲಿ ಕೊಟ್ಟ ಒಂದು ವಿವರ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಪಿಎಸ್4ನ ಸ್ಪೈಡರ್‌ಮ್ಯಾನ್ ಆಟದಲ್ಲಿ ರಸ್ತೆಬದಿಯ ಅಂಚೆಪೆಟ್ಟಿಗೆಯಂಥ ವಸ್ತುಗಳ ಮಾಹಿತಿ ಡಿಸ್ಕ್‌ನಲ್ಲಿ 400 ಸಲ ನಕಲಾಗಿ ಕೂತಿರುತ್ತಿತ್ತು. ಡಿಸ್ಕಿನ ಮುಳ್ಳು ಹುಡುಕಿಕೊಂಡು ದೂರ ಹೋಗದಿರಲಿ, ಆಟ ನಿಲ್ಲದಿರಲಿ ಎಂದು. ತಯಾರಕರು ಇಂಥ ಕಸರತ್ತಿಗೆ ಇಳಿದಾಗ ಯಂತ್ರದ ಮಿತಿ ಮುಗಿಯಿತು ಎಂದೇ ಅರ್ಥ. ಪಿಎಸ್5ನಲ್ಲಿ ತಿರುಗುವ ಡಿಸ್ಕ್ ಬದಲು, ಸೆಕೆಂಡಿಗೆ 5.5 ಗಿಗಾಬೈಟ್ ಓದುವ ಎಸ್‌ಎಸ್‌ಡಿ ಎಂಬ ಚಿಪ್ ಸಂಗ್ರಹ ಬಂದದ್ದು ಅದಕ್ಕೆ ನೇರ ಉತ್ತರ. ಹಾಗಾಗಿ ಪಿಎಸ್5 ಬೇಡದ ಯಂತ್ರ ಆಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆದರೂ 2020ರ ನವೆಂಬರ್ ಸರಿಯಾದ ಹೊತ್ತಾಗಿರಲಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆ ಬರಬೇಕಿದ್ದ ಹೇಲೋ ಇನ್ಫಿನಿಟ್ ಆಟ 2021ರ ಡಿಸೆಂಬರ್‌ಗೆ ಹೋಯಿತು. ಗಾಡ್ ಆಫ್ ವಾರ್ ರಾಗ್ನರಾಕ್ 2022ರ ಕೊನೆಯಲ್ಲಿ ಬಂದಾಗಲೂ ಪಿಎಸ್4ಗೂ ಬಂತು, ನೀವೂ ಆಡಿರಬಹುದು. ಚಿಪ್ ಕೊರತೆಯ ಸಮಸ್ಯೆ ಬೇರೆ. ಮೊದಲೆರಡು ವರ್ಷ, ಹೊಸ ಯಂತ್ರ ಬೇಕೆನ್ನುವವರಿಗೆ ಯಂತ್ರ ಸಿಗಲಿಲ್ಲ, ಸಿಕ್ಕವರಿಗೆ ಅದಕ್ಕೆಂದೇ ಮಾಡಿದ ಆಟ ಹೆಚ್ಚು ಇರಲಿಲ್ಲ.

ನಿಜವಾದ ಬದಲಾವಣೆ ಆಗಿರುವುದು ಆಟ ತಯಾರಿಸಲು ಹಿಡಿಯುವ ಕಾಲದಲ್ಲಿ. ಸೋನಿಗೆ ಸೇರಿದ ನಾಟಿ ಡಾಗ್ ಸ್ಟುಡಿಯೊವನ್ನೇ ತೆಗೆದುಕೊಳ್ಳಿ. ಪಿಎಸ್3 ಇದ್ದಾಗ 2007, 2009, 2011ರಲ್ಲಿ ಮೂರು ಅನ್‌ಚಾರ್ಟೆಡ್, 2013ರಲ್ಲಿ ದಿ ಲಾಸ್ಟ್ ಆಫ್ ಅಸ್, ಒಟ್ಟು ನಾಲ್ಕು ದೊಡ್ಡ ಆಟ. ಒಂದೊಂದರಲ್ಲೂ ಕೈ ಪಳಗಿದ್ದು ಕಾಣುತ್ತದೆ. ಕೇವಲ 512 ಮೆಗಾಬೈಟ್ ಮೆಮೊರಿಯ ಯಂತ್ರದಿಂದ ಕೊನೆಯ ಆಟ ಹೊರಡಿಸಿದ್ದನ್ನು ಈಗ ನೋಡಿದರೂ ಬೆರಗಾಗುತ್ತದೆ. ಪಿಎಸ್4ನಲ್ಲಿ ಅದು ಮೂರಕ್ಕೆ ಇಳಿಯಿತು. ಪಿಎಸ್5ನ ಮೊದಲ ಐದು ವರ್ಷದಲ್ಲಿ ಅವರಿಂದ ಬಂದದ್ದು ಹಳೆಯ ಆಟಗಳ ಹೊಸ ರೂಪಗಳು ಮಾತ್ರ, ಹೊಸ ಕಥೆ ಒಂದೂ ಇಲ್ಲ. ಒಂದು ಆಟಕ್ಕೇ ಐದಾರು ವರ್ಷ ಬೇಕಾದಾಗ, ಯಂತ್ರವನ್ನು ಐದು ವರ್ಷಕ್ಕೆ ಬದಲಿಸಿದರೆ ತಯಾರಕರು ಅದನ್ನು ಅರಿತುಕೊಳ್ಳುವುದು ಯಾವಾಗ?

ಬೆಲೆಯ ವಿಷಯವೂ ಇದೆ. ಅಮೆರಿಕದಲ್ಲಿ 2000ದಲ್ಲಿ 299 ಡಾಲರ್‌ಗೆ ಬಂದ ಪಿಎಸ್2, 2009ರ ಹೊತ್ತಿಗೆ 99 ಡಾಲರ್‌ಗೆ ಇಳಿದಿತ್ತು. ಚಿಪ್ ಚಿಕ್ಕದಾದಂತೆ ಖರ್ಚು ಇಳಿಯುತ್ತಿತ್ತು, ಕೈಯಲ್ಲಿ ಕಡಿಮೆ ದುಡ್ಡಿದ್ದವರ ಮನೆಗೂ ಯಂತ್ರ ತಲುಪುತ್ತಿತ್ತು. ಪಿಎಸ್5 ಬೆಲೆ ಅಲ್ಲಿಯೇ 2025ರಲ್ಲಿ 499ರಿಂದ 549ಕ್ಕೆ ಏರಿತು. ಹಳೆಯದೇ ಅಗ್ಗವಾಗದಿರುವಾಗ ಹೊಸದನ್ನು ಬೇಗ ತರುವುದು ಆಡುವವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ. ಎಂಟು ವರ್ಷ, ಬೇಕಿದ್ದರೆ ಒಂಬತ್ತೇ ಆಗಲಿ.

ಇನ್ನು ನಿಮ್ಮ ವಿಷಯ. ಕಾಯಬೇಡಿ, ಪಿಎಸ್5 ತೆಗೆದುಕೊಳ್ಳಿ. ಅದಕ್ಕೆಂದೇ ಮಾಡಿದ ಆಟಗಳು ಈಗ ಸಾಕಷ್ಟಿವೆ, ಇನ್ನೂ ಬರುತ್ತಿವೆ. ಹೊಸ ಪೀಳಿಗೆ ಬಂದರೂ ಮೊದಲೆರಡು ವರ್ಷ ಅದರ ಆಟಗಳು ಇದರಲ್ಲೂ ನಡೆಯುವ ಸಾಧ್ಯತೆಯೇ ಹೆಚ್ಚು. ಡಿಸ್ಕ್ ಡ್ರೈವ್ ಇರುವ ಮಾದರಿಯನ್ನೇ ನೋಡಿ, ಪಿಎಸ್4ನ ಡಿಸ್ಕ್‌ಗಳನ್ನು ಯಾರಿಗೂ ಕೊಟ್ಟುಬಿಡಬೇಡಿ. ಒಂದಷ್ಟನ್ನು ಬಿಟ್ಟರೆ ಎಲ್ಲವೂ ಪಿಎಸ್5ನಲ್ಲಿ ಓಡುತ್ತವೆ, ಕೆಲವು ಮೊದಲಿಗಿಂತ ಚೆನ್ನಾಗಿಯೇ ಓಡುತ್ತವೆ.