ಮಾರುತಿ 800: ಟೆಂಪರೇಚರ್ ಮುಳ್ಳು ಏಳುತ್ತಿಲ್ಲ

ಮಂಡ್ಯದಿಂದ ಮೈಸೂರಿಗೆ ಓಡಿಸಿದರೂ ಟೆಂಪರೇಚರ್ ಮುಳ್ಳು ‘ಸಿ’ (ತಣ್ಣಗೆ) ಬಿಟ್ಟು ಏಳುವುದಿಲ್ಲ, ಪೆಟ್ರೋಲ್ ಮುಳ್ಳು ಮಾತ್ರ ಸರಿಯಿದೆ ಅಂದಿದ್ದೀರಿ. ಹಾಗಾದರೆ ಮೀಟರಿಗೆ ಕರೆಂಟ್ ಬರ್ತಿದೆ ಅಂತಾಯಿತು. ಹೆಚ್ಚಾಗಿ ಇಂಜಿನ್ನಿನ ಬಿಸಿ ಅಳೆಯುವ ಸೆನ್ಸರ್ ಹೋಗಿರುತ್ತದೆ, ಇಲ್ಲವೇ ಅದರ ವೈರ್. ಸುಮ್ನೆ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ.

ನಿಮ್ಮದು ಕಾರ್ಬೊರೇಟರ್ ಗಾಡಿ ಅಲ್ವಾ, ಮುಳ್ಳಿನ ಸೆನ್ಸರಿಗೆ ಒಂದೇ ವೈರ್ ಇರುತ್ತದೆ. ಇಂಜಿನ್ ತಣ್ಣಗಿರುವಾಗ ಆ ವೈರನ್ನು ಸೆನ್ಸರಿನಿಂದ ಕಿತ್ತು, ತುದಿಯಲ್ಲಿ ಕಿಲುಬು ಹಿಡಿದಿದ್ದರೆ ಉಜ್ಜಿ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಆ ವೈರಿನ ತುದಿಯನ್ನು ಇಂಜಿನ್ನಿನ ಬರಿ ಲೋಹಕ್ಕೆ ಒಂದೆರಡು ಕ್ಷಣ ಮುಟ್ಟಿಸಿ, ಒಳಗೆ ಇನ್ನೊಬ್ಬರು ಮುಳ್ಳು ನೋಡುತ್ತಿರಲಿ. ‘ಎಚ್’ (ಬಿಸಿ) ಕಡೆ ಏರಿದರೆ ವೈರ್, ಮೀಟರ್ ಎರಡೂ ಸರಿ, ಸೆನ್ಸರ್ ಬದಲಾಯಿಸಿ. ಏರದಿದ್ದರೆ ವೈರ್ ಎಲ್ಲೋ ತುಂಡಾಗಿದೆ ಅಥವಾ ಮೀಟರೇ ಹೋಗಿದೆ. ಮಲ್ಟಿಮೀಟರ್ ಹಿಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಎರಡು ಮೂರು ವೈರ್ ಇರುವ ಸೆನ್ಸರ್ ಕಂಡರೆ ಮಾತ್ರ ಹೀಗೆ ಮುಟ್ಟಿಸಬೇಡಿ.

ಹೊಸ ಸೆನ್ಸರ್ ಹಾಕುವಾಗ ಅದರ ಥ್ರೆಡ್ಡಿಗೆ ಟೇಪ್ ದಪ್ಪಗೆ ಸುತ್ತಬೇಡಿ, ಸೆನ್ಸರಿಗೆ ಅರ್ತ್ ಸಿಗುವುದೇ ಆ ಥ್ರೆಡ್ಡಿನಿಂದ.

ಆಮೇಲೂ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ನೋಡಿ, ಹಳೆ ಗಾಡಿಗಳಲ್ಲಿ ಅದನ್ನು ಕಿತ್ತೇ ಬಿಟ್ಟಿರುವುದು ಜಾಸ್ತಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣದಿಂದಲೇ ರೇಡಿಯೇಟರಿನ ಮೇಲಿನ ಹೋಸ್ ನಿಧಾನವಾಗಿ ಬಿಸಿಯಾಗುತ್ತಾ ಬಂದರೆ ಅದೇ ತೊಂದರೆ.

ಸರಿಯಾಗುವವರೆಗೆ ದಿನಾ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿಯೇ ಹೊರಡಿ, ಇಂಜಿನ್ ನಿಜವಾಗಿ ಕಾದರೂ ಈ ಮುಳ್ಳು ನಿಮಗೆ ಹೇಳುವುದಿಲ್ಲ.