ಕಾರಿನೊಂದಿಗೆ ಕಡಲು ದಾಟುವ ಮುನ್ನ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಬೇಸಿಗೆ ರಜೆಗೆ ನಮ್ಮ ಲೀಸ್ ಕಾರಿನಲ್ಲೇ ಡೋವರ್‌ನಿಂದ ಫ್ರಾನ್ಸಿಗೆ ಹೋಗುವ ಆಸೆ. ನನ್ನದು ಬ್ರಿಟಿಷ್ ಪಾಸ್‌ಪೋರ್ಟ್, ಹೆಂಡತಿಯದು ಭಾರತದ್ದು. ದಾವಣಗೆರೆಯಿಂದ ಅಮ್ಮನೂ ಬರುವವರಿದ್ದಾರೆ. ಏನೇನು ಕಾಗದಪತ್ರ ಬೇಕು?

ಉತ್ತರ: ಭಾರತದ ಪಾಸ್‌ಪೋರ್ಟ್ ಇರುವ ಇಬ್ಬರಿಗೂ ಷೆಂಗೆನ್ ವೀಸಾ (ಫ್ರಾನ್ಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ವೀಸಾ) ಬೇಕೇ ಬೇಕು. ಬ್ರಿಟನ್ನಿನಲ್ಲಿ ವಾಸವಿದ್ದೇವೆ, ಗಂಡ ಬ್ರಿಟಿಷ್ ಪ್ರಜೆ ಎನ್ನುವುದರಿಂದ ವಿನಾಯಿತಿ ಸಿಗದು. ಅಮ್ಮ ಊರಲ್ಲಿರುವಾಗಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಅರ್ಜಿ ಹಾಕಲಿ. ಪ್ರವಾಸಿ ವೀಸಾದಲ್ಲಿ ಬ್ರಿಟನ್ನಿಗೆ ಬಂದಮೇಲೆ ಇಲ್ಲಿಂದ ಷೆಂಗೆನ್ ವೀಸಾ ಪಡೆಯುವುದು ಕಷ್ಟ, ಏಕೆಂದರೆ ಅರ್ಜಿಯನ್ನು ಸಾಮಾನ್ಯವಾಗಿ ವಾಸವಿರುವ ದೇಶದಲ್ಲೇ ಸಲ್ಲಿಸಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಜೊತೆಗೆ 30,000 ಯೂರೊಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಇರಬೇಕು. ಅಮ್ಮನ ಬ್ರಿಟನ್ ವೀಸಾದಲ್ಲಿ ಮತ್ತೆ ಒಳಬರಲು ಅವಕಾಶವಿದೆಯೇ ಎಂದೂ ನೋಡಿ. ಹೆಂಡತಿ ಪಾಸ್‌ಪೋರ್ಟ್ ನವೀಕರಿಸಿದ್ದರೆ, ಹೊಸ ಸಂಖ್ಯೆ ಅವರ ಬ್ರಿಟನ್ ಇ-ವೀಸಾ ಖಾತೆಗೆ ಜೋಡಣೆಯಾಗಿರಲಿ. ಇಲ್ಲದಿದ್ದರೆ ತೊಂದರೆ ಕಾಣಿಸಿಕೊಳ್ಳುವುದು ಹಿಂತಿರುಗುವ ದಿನ.

ನಿಮ್ಮ ಪಾಸ್‌ಪೋರ್ಟ್ ಫ್ರಾನ್ಸ್ ಪ್ರವೇಶಿಸುವ ದಿನಕ್ಕೆ 10 ವರ್ಷಕ್ಕಿಂತ ಹಳೆಯದಾಗಿರಬಾರದು. ಯುರೋಪ್ ಬಿಟ್ಟು ಹೊರಡುವ ದಿನದಿಂದ ಮುಂದೆ 3 ತಿಂಗಳಾದರೂ ಅವಧಿ ಉಳಿದಿರಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಫ್ರಾನ್ಸಿನ ಗಡಿ ಪೊಲೀಸರು ತಪಾಸಣೆ ಮಾಡುವುದು ಆಚೆ ದಡದ ಕ್ಯಾಲೆಯಲ್ಲಲ್ಲ, ಡೋವರ್ ಬಂದರಿನಲ್ಲೇ, ಹಡಗು ಹತ್ತುವ ಮೊದಲು. ಒಬ್ಬರ ಕಾಗದ ಸರಿಯಿಲ್ಲದಿದ್ದರೂ ಇಡೀ ಸಂಸಾರ ಅಲ್ಲಿಂದಲೇ ಮನೆಗೆ ತಿರುಗಬೇಕಾಗುತ್ತದೆ.

ಇನ್ನು ಕಾರು. ಸ್ವಂತ ಕಾರಾದರೆ ವಿ5ಸಿ ನೋಂದಣಿ ಪತ್ರದ ಮೂಲಪ್ರತಿ ಸಾಕು. ಲೀಸ್ ಕಾರಿನ ವಿ5ಸಿ ಕಂಪನಿಯ ಬಳಿ ಇರುವುದರಿಂದ, ಅದರ ಬದಲು ತೋರಿಸುವ ವಿಇ103 ಪ್ರಮಾಣಪತ್ರವನ್ನು ಅವರಿಂದ ಕೇಳಿ ಪಡೆಯಿರಿ. ಕೆಲವು ದಿನ ಹಿಡಿಯಬಹುದು, ಕೊನೆಯ ವಾರಕ್ಕೆ ಬಿಡಬೇಡಿ. 2021ರ ಆಗಸ್ಟ್ 2ರಿಂದ ವಿಮೆಯ ಗ್ರೀನ್ ಕಾರ್ಡ್ (ಹೊರದೇಶದಲ್ಲೂ ವಿಮೆಯಿದೆ ಎಂದು ತೋರಿಸುವ ಪತ್ರ) ಬೇಕಿಲ್ಲ. ಆದರೆ ನಿಮ್ಮ ಕಾಂಪ್ರೆಹೆನ್ಸಿವ್ ವಿಮೆ ಗಡಿಯಾಚೆ ಬರೀ ಥರ್ಡ್ ಪಾರ್ಟಿಗೆ ಇಳಿಯುತ್ತದೆಯೇ, ಎಷ್ಟು ದಿನದ ಮಿತಿಯಿದೆ ಎಂದು ವಿಮಾ ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಮೊದಲೆಲ್ಲ ಕಾರಿನ ಹಿಂಬದಿಗೆ ಅಂಟಿಸುತ್ತಿದ್ದ, ದೇಶದ ಗುರುತಿನ ‘ಜಿಬಿ’ ಸ್ಟಿಕ್ಕರ್ 2021ರ ಸೆಪ್ಟೆಂಬರ್ 28ರಿಂದ ನಡೆಯುವುದಿಲ್ಲ, ‘ಯುಕೆ’ ಎಂದೇ ಇರಬೇಕು.

ಪ್ರಶ್ನೆ: ಅಮ್ಮನಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಹಡಗೋ, ಕಡಲಡಿಯ ಸುರಂಗದ ರೈಲೋ?

ಉತ್ತರ: ವಾಂತಿಯೊಂದೇ ಚಿಂತೆಯಾದರೆ ಸುರಂಗ. ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿನೊಳಗೆ ಓಡಿಸಿ ಅದರಲ್ಲೇ ಕೂತರೆ 35 ನಿಮಿಷದಲ್ಲಿ ಫ್ರಾನ್ಸ್. ಎಲ್‌ಪಿಜಿ ಕಾರಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಡೋವರ್‌ನಿಂದ ಕ್ಯಾಲೆಗೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ.

ಹಡಗೇ ಆದರೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದ ಕಿಟಕಿ ಪಕ್ಕ ಕೂರಿಸಿ. ಓಲಾಟ ಕಡಿಮೆ ಇರುವುದು ಅಲ್ಲೇ. ಮೊಬೈಲ್ ನೋಡದೆ ದೂರದ ಕಡಲಂಚನ್ನು ನೋಡುತ್ತಿರಲಿ. ಸಿನಾರಿಜಿನ್ ಮಾತ್ರೆ ಕೊಡುವುದಾದರೆ ಎರಡು ಗಂಟೆ ಮುಂಚೆ ಕೊಡಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಬೇರೆ ಮಾತ್ರೆ ತೆಗೆದುಕೊಳ್ಳುವವರಾದರೆ ಮೊದಲು ಫಾರ್ಮಸಿಸ್ಟರನ್ನು ಕೇಳಿ. ಸಿನಾರಿಜಿನ್ ತೂಕಡಿಕೆ ತರುತ್ತದೆ, ಕಾರು ಓಡಿಸುವವರು ನುಂಗಲೇಬಾರದು.

ಹಡಗು ಹೊರಟಮೇಲೆ ಕಾರುಗಳ ಡೆಕ್‌ಗೆ ಬೀಗ. ಸ್ವೆಟರ್, ಮಾತ್ರೆ, ತಿಂಡಿ ಎಲ್ಲವನ್ನೂ ಮೊದಲೇ ಮೇಲೆ ಒಯ್ಯಿರಿ, ಡೆಕ್ ಸಂಖ್ಯೆ ಮತ್ತು ಮೆಟ್ಟಿಲಿನ ಗುರುತನ್ನು ಫೋಟೊ ತೆಗೆದುಕೊಳ್ಳಿ. ಹ್ಯಾಂಡ್‌ಬ್ರೇಕ್ ಎಳೆದು ಕಾರನ್ನು ಗೇರಿನಲ್ಲಿಡಿ. ಅಲಾರಂನಲ್ಲಿ ವಾಲಾಟ ಗುರುತಿಸುವ ಸೆನ್ಸರ್ ಇದ್ದರೆ ಆರಿಸಿ. ಹಡಗಿನ ಓಲಾಟಕ್ಕೆ ಅದು ದಾರಿಯುದ್ದಕ್ಕೂ ಕೂಗಿಕೊಂಡು ಬ್ಯಾಟರಿ ಇಳಿಸುತ್ತದೆ. ರೂಫ್ ಬಾಕ್ಸ್ ಇದ್ದರೆ ಅದನ್ನೂ ಸೇರಿಸಿದ ಎತ್ತರವನ್ನೇ ಟಿಕೆಟ್ಟಿನಲ್ಲಿ ನಮೂದಿಸಿ.

ಪ್ರಶ್ನೆ: ಬಲಗಡೆ ಓಡಿಸಿ ಅಭ್ಯಾಸವಿಲ್ಲ. ಯಾವುದಕ್ಕೆ ಹೆಚ್ಚು ಎಚ್ಚರ ಬೇಕು?

ಉತ್ತರ: ಬಂದರಿನಿಂದ ಹೊರಬೀಳುವಾಗ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ, ಮುಂದೆಯೂ ವಾಹನಗಳ ಸಾಲಿರುತ್ತದೆ. ಅಪಾಯವಿರುವುದು ಮರುದಿನ ಬೆಳಿಗ್ಗೆ, ಹಳ್ಳಿಯ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ತಿರುಗುವ ಹೊತ್ತಿನಲ್ಲಿ. ಎದುರು ವಾಹನ ಕಾಣದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪ್ರತಿ ಸಲ ಹೊರಡುವಾಗ ಪಕ್ಕದವರು ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳುವ ರೂಢಿ ಮಾಡಿಕೊಳ್ಳಿ.

ಊರೊಳಗೆ ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಓಣಿಯಿಂದ ಬರುವವರಿಗೂ ದಾರಿ ಬಿಡಬೇಕು. ಹಳದಿ ವಜ್ರಾಕಾರದ ಫಲಕವಿದ್ದರೆ ಆದ್ಯತೆ ನಿಮ್ಮದು, ಅದೇ ಫಲಕದ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆದ್ಯತೆ ಮುಗಿಯಿತು.

ಬ್ರಿಟನ್ನಿನ ಕಾರಿನ ಡಿಮ್ ಲೈಟು ಎಡ ಅಂಚಿನತ್ತ ಮೇಲಕ್ಕೆ ಚೆಲ್ಲುತ್ತದೆ. ಬಲಗಡೆ ಓಡಿಸುವಾಗ ಅದೇ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ದೀಪದ ಗಾಜು ಒರೆಸಿ, ಒಣಗಿದ ಮೇಲೆ ಡಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿ. ಹೊಸ ಎಲ್‌ಇಡಿ ದೀಪವಾದರೆ ಮೆನುವಿನಲ್ಲೇ ಬದಲಿಸಲು ಬರುತ್ತದೆಯೇ ಎಂದು ಕೈಪಿಡಿ ನೋಡಿ. ಎಚ್ಚರಿಕೆಯ ತ್ರಿಕೋನ ಮತ್ತು ಹೊಳೆಯುವ ಜಾಕೆಟ್ ಕಡ್ಡಾಯ. ಜಾಕೆಟ್ ಡಿಕ್ಕಿಯಲ್ಲಿದ್ದರೆ ಆಗದು, ಕೂತಲ್ಲಿಂದಲೇ ಕೈಗೆ ಸಿಗಬೇಕು.

ಮೋಟರ್‌ವೇಯಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆಯಲ್ಲಿ 110. ಮಿತಿಗಿಂತ 40 ಕಿ.ಮೀ.ಗೂ ಹೆಚ್ಚು ಮೀರಿದರೆ ಪೊಲೀಸರು ಅಲ್ಲೇ ಲೈಸೆನ್ಸ್ ಕಿತ್ತುಕೊಳ್ಳಬಹುದು. ಟೋಲ್ ಕಿಂಡಿ ಎಡಗಡೆ ಇರುವುದರಿಂದ ಎಡ ಸೀಟಿನವರ ಕೈಗೆ ಕಾರ್ಡು ಕೊಟ್ಟಿರಿ. ಪ್ಯಾರಿಸ್ಸಿನಿಂದ ನಾರ್ಮಂಡಿಗೆ ಹೋಗುವ ಎ13ರಲ್ಲಿ ಕಿಂಡಿಗಳೇ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. 72 ಗಂಟೆಯೊಳಗೆ ಆನ್‌ಲೈನಿನಲ್ಲಿ ಹಣ ಕಟ್ಟದಿದ್ದರೆ ದಂಡ ಬೀಳುತ್ತದೆ. ಬಂಕಿನಲ್ಲಿ ‘ಗಾಜೋಲ್’ ಎಂದರೆ ಡೀಸೆಲ್. ಹೆಸರು ಗ್ಯಾಸೊಲಿನ್‌ನಂತೆ ಕಂಡಿತೆಂದು ಪೆಟ್ರೋಲ್ ಕಾರಿಗೆ ತುಂಬಿಸಿಬಿಡಬೇಡಿ. ಪೆಟ್ರೋಲಿನ ಗುರುತು ವೃತ್ತದೊಳಗೆ, ಡೀಸೆಲಿನದು ಚೌಕದೊಳಗೆ ಇರುತ್ತದೆ.

ಪ್ರಶ್ನೆ: ದಾರಿಗೆ ಬುತ್ತಿ ಕಟ್ಟಿಕೊಳ್ಳಬಹುದೇ?

ಉತ್ತರ: ಚಟ್ನಿಪುಡಿ, ಹುಳಿಪುಡಿ, ಅವಲಕ್ಕಿ ಒಯ್ಯಬಹುದು. ಹಾಲು, ಮೊಸರು, ತುಪ್ಪ, ಪನೀರ್, ಮಾಂಸಕ್ಕೆ ಬ್ರಿಟನ್ನಿನಿಂದ ಫ್ರಾನ್ಸಿಗೆ ಪ್ರವೇಶವಿಲ್ಲ, ಹಾಗಾಗಿ ಮೊಸರನ್ನದ ಡಬ್ಬಿ ಬೇಡ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರಕ್ಕೆ ಸಸ್ಯ ಆರೋಗ್ಯ ಪತ್ರ ಬೇಕಿಲ್ಲ. ಹಸಿ ಕರಿಬೇವಿಗೆ ಬೇಕು. ಮರಳಿ ಬರುವಾಗಲೂ ನಿರ್ಬಂಧವಿದೆ: ಕಾಲುಬಾಯಿ ಜ್ವರದ ಕಾರಣ 2025ರ ಏಪ್ರಿಲ್ 12ರಿಂದ ಯುರೋಪಿನ ಚೀಸನ್ನೂ ಬ್ರಿಟನ್ನಿಗೆ ತರುವಂತಿಲ್ಲ ಎಂದಾಗಿದೆ.

ಪ್ರಶ್ನೆ: ಮೈಸೂರಿನಿಂದ ಹೀಗೆಯೇ ಶ್ರೀಲಂಕಾಕ್ಕೆ ಕಾರು ಒಯ್ಯಬಹುದೇ?

ಉತ್ತರ: ಇಲ್ಲ. 2023ರ ಅಕ್ಟೋಬರಿನಲ್ಲಿ ಶುರುವಾದ ನಾಗಪಟ್ಟಿನಂ–ಕಂಕೇಸಂತುರೈ ಹಡಗು ಪ್ರಯಾಣಿಕರದು ಮಾತ್ರ. ಕಾರನ್ನು ನಾಗಪಟ್ಟಿನಂನಲ್ಲಿ ನಿಲ್ಲಿಸಿ, ಆಚೆ ದಡದಲ್ಲಿ ಚಾಲಕರಿರುವ ಬಾಡಿಗೆ ಕಾರು ಹಿಡಿಯುವುದೇ ಒಳ್ಳೆಯದು. ಈಶಾನ್ಯ ಮಾನ್ಸೂನಿನಲ್ಲಿ ಈ ಹಡಗು ನಿಲ್ಲುವುದುಂಟು, ನವೆಂಬರ್–ಡಿಸೆಂಬರ್ ಬಿಟ್ಟು ಯೋಜಿಸಿ.