ಶ್ವಾಸಕೋಶದ ಫಂಗಸ್‌ಗೆ ಆರು ತಿಂಗಳ ಮಾತ್ರೆ: ಲಿವರ್‌ಗೆ ಹೆದರಿ ಅರ್ಧ ಕೊಟ್ಟರೆ ಸಾಕಾ?

ಅರ್ಧಕ್ಕೆ ಇಳಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಿಮ್ಮ ತಂದೆಗೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಫಂಗಸ್, ಇಟ್ರಾಕೊನಜೋಲ್ ಕ್ಯಾಪ್ಸೂಲ್ ಆರು ತಿಂಗಳು ಅಂದಿದ್ದಾರೆ. ಲಿವರ್ ಹಾಳಾಗುತ್ತದೆ ಅಂತ ಎಲ್ಲೋ ಓದಿ ನೀವು ಹೆದರಿದ್ದೀರಿ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಕೊನೆಯ ಸಾಲು. "ಇದರ ಜೊತೆ ಆಸಿಡಿಟಿ ಮಾತ್ರೆ, ಉಬ್ಬಸದ ಇನ್‌ಹೇಲರ್ ಕೂಡ ಇದೆ" ಅಂತ ಹಾಗೇ ಬರೆದು ಬಿಟ್ಟಿದ್ದೀರಲ್ಲ, ಅದು.

ನಾನು ಡಾಕ್ಟರ್ ಅಲ್ಲ. ಇದೇ ಕಾಯಿಲೆಗೆ ಇದೇ ಕ್ಯಾಪ್ಸೂಲನ್ನು ಹನ್ನೊಂದು ತಿಂಗಳು ನುಂಗಿದವನು. ಮೊದಲ ಎರಡು ತಿಂಗಳು ಕೆಮ್ಮು ಕಡಿಮೆಯಾಗಲಿಲ್ಲ, ತೂಕ ಇಳಿಯುವುದೂ ನಿಲ್ಲಲಿಲ್ಲ. ಒಂದು ಹೊತ್ತೂ ತಪ್ಪಿಸಿರಲಿಲ್ಲ ನಾನು. ಕೊನೆಗೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿದರೆ ಹೆಚ್ಚುಕಡಿಮೆ ಏನೂ ಇಲ್ಲ! ಕಾರಣ ಪ್ಯಾಂಟೊಪ್ರಜೋಲ್ ಅನ್ನುವ ಆಸಿಡಿಟಿ ಮಾತ್ರೆ. ವರ್ಷಗಳ ಹಿಂದೆ ಬೇರೊಬ್ಬ ಡಾಕ್ಟರ್ ಬರೆದಿದ್ದು, ಬೆಳಿಗ್ಗೆ ಎದ್ದು ಹಲ್ಲುಜ್ಜುವಷ್ಟೇ ಅಭ್ಯಾಸವಾಗಿ ಹೋಗಿತ್ತು, ಅದನ್ನೂ ಒಂದು ಔಷಧಿ ಅಂತ ಹೇಳಬೇಕು ಅನ್ನುವುದೇ ಹೊಳೆದಿರಲಿಲ್ಲ. ಫಂಗಸ್‌ಗೆ ಔಷಧಿ ಕೊಟ್ಟ ಡಾಕ್ಟರೂ ಕೇಳಲಿಲ್ಲ. ಇಟ್ರಾಕೊನಜೋಲ್‌ನ ಮಾಮೂಲಿ ಕ್ಯಾಪ್ಸೂಲ್ ಕರಗುವುದಕ್ಕೆ ಹೊಟ್ಟೆಯಲ್ಲಿ ಆಸಿಡ್ ಬೇಕು. ಆಸಿಡ್ ತಡೆಯುವ ಮಾತ್ರೆ ತಗೊಂಡರೆ ಫಂಗಸ್ ಔಷಧಿಯ ಬಹುಪಾಲು ಸುಮ್ನೆ ಹಾಗೇ ಹೊರಗೆ ಹೋಗುತ್ತದೆ. ಎರಡು ತಿಂಗಳು ದಂಡ. ಆಮೇಲೆ ಡಾಕ್ಟರ್ ಆ ಮಾತ್ರೆ ನಿಲ್ಲಿಸಿದರು, ಕ್ಯಾಪ್ಸೂಲನ್ನು ಹೊಟ್ಟೆ ತುಂಬಾ ಊಟ ಆದ ಕೂಡಲೇ ನುಂಗಲು ಹೇಳಿದರು. ಆಸಿಡಿಟಿ ಮಾತ್ರೆ ಬಿಡಲು ಆಗದವರಿಗೆ ಕೋಲಾ ಜೊತೆ ಕ್ಯಾಪ್ಸೂಲ್ ಕೊಡುವುದೂ ಉಂಟಂತೆ, ಕೋಲಾ ಹುಳಿ ಇರುತ್ತದಲ್ಲ. ನಗಬೇಡಿ, ನಿಜವಾಗಿ ಕೆಲಸ ಮಾಡುತ್ತದೆ.

ಆ ರಕ್ತದ ಟೆಸ್ಟನ್ನು ನೀವಾಗಿಯೇ ಕೇಳಿ. ಔಷಧಿ ಮೈಯಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಸುಮಾರು ಎರಡು ವಾರ ಬೇಕು, ಅದಾದ ಮೇಲೆ ಮಾಡಿಸುತ್ತಾರೆ. ಅರ್ಧ ಡೋಸ್ ಬೇಡ ಅಂದಿದ್ದೂ ಇದಕ್ಕೇ. ರಕ್ತದಲ್ಲಿ ಔಷಧಿ ಕಡಿಮೆ ಇದ್ದರೆ ಫಂಗಸ್ ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳಬಹುದು. ಒಮ್ಮೆ ಒಗ್ಗಿಕೊಂಡರೆ ಇದೇ ಗುಂಪಿನ ಬೇರೆ ಮಾತ್ರೆಗಳೂ ಕೈಕೊಡಬಹುದು, ಮತ್ತೆ ಉಳಿಯುವುದು ಹೆಚ್ಚಾಗಿ ಸೂಜಿಮದ್ದೇ.

ಇನ್ನೊಂದು. ಊಟ ಆದ ಮೇಲೆ ಅನ್ನುವ ನಿಯಮ ಈ ಕ್ಯಾಪ್ಸೂಲಿನದು, ಎಲ್ಲ ಫಂಗಸ್ ಔಷಧಿಗೂ ಅಲ್ಲ. ಇದೇ ಇಟ್ರಾಕೊನಜೋಲ್ ದ್ರವ ರೂಪದಲ್ಲಿ ಕೊಟ್ಟರೆ ಖಾಲಿ ಹೊಟ್ಟೆಗೆ. ಇದೇ ಗುಂಪಿನ ವೊರಿಕೊನಜೋಲ್ ಮಾತ್ರೆ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ಆದ ಮೇಲೆ. ಪೊಸಕೊನಜೋಲ್ ಊಟದ ಜೊತೆ. ಫ್ಲುಕೊನಜೋಲ್‌ಗೆ ಊಟದ ಹಂಗೇ ಇಲ್ಲ. ಹಾಗಾಗಿ ನನ್ನ ಅನುಭವವನ್ನೇ ನಂಬಿ ಬೇರೆ ಮಾತ್ರೆಗೂ ಹಾಗೇ ಮಾಡಬೇಡಿ, ಮುಂದೆ ಔಷಧಿ ಬದಲಾದರೆ ಮತ್ತೆ ಕೇಳಿ.

ಈಗ ಲಿವರ್. ಭಯ ಸುಳ್ಳಲ್ಲ. ಫಂಗಸ್ ಬ್ಯಾಕ್ಟೀರಿಯಾದ ಥರ ಅಲ್ಲ, ಅದರ ಜೀವಕೋಶ ನಮ್ಮ ಜೀವಕೋಶಕ್ಕೆ ಎಷ್ಟೋ ಹತ್ತಿರ, ಅದನ್ನು ಹೊಡೆಯುವ ಔಷಧಿ ನಮಗೂ ಸ್ವಲ್ಪ ತಾಗುತ್ತದೆ. ಆದರೆ ನೀವು ಓದಿದ್ದು ಕೀಟೊಕೊನಜೋಲ್ ಮಾತ್ರೆ ಬಗ್ಗೆ ಇರಬಹುದು ಅಂತ ನನ್ನ ಅನುಮಾನ. ಹೆಸರು ಒಂದೇ ಥರ ಕೇಳಿಸುತ್ತದೆ ಅಲ್ವಾ. ಆ ಮಾತ್ರೆಯನ್ನು ಲಿವರ್ ತೊಂದರೆಯಿಂದಾಗಿಯೇ 2013ರಲ್ಲಿ ಫಂಗಸ್ ಚಿಕಿತ್ಸೆಯಿಂದ ಹಿಂತೆಗೆಯಲು ಯುರೋಪಿನ ಔಷಧ ಸಂಸ್ಥೆ ಹೇಳಿತು, ಅಮೆರಿಕದಲ್ಲೂ ಅದೇ ವರ್ಷ ಬಳಕೆಗೆ ಬಿಗಿ ಮಿತಿ ಹಾಕಿದರು. ಇಟ್ರಾಕೊನಜೋಲ್‌ಗೆ ಶುರುವಿನಲ್ಲೊಮ್ಮೆ, ಆಮೇಲೆ ಆಗಾಗ ಲಿವರ್ ಟೆಸ್ಟ್ ಮಾಡಿಸಿ ನೋಡಿಕೊಂಡು ಹೋಗುತ್ತಾರೆ. ನನ್ನ ರಿಪೋರ್ಟಿನಲ್ಲಿ ನಾಲ್ಕನೇ ತಿಂಗಳು ಅಂಕಿ ಸ್ವಲ್ಪ ಏರಿತ್ತು, ಡಾಕ್ಟರ್ ನಿಲ್ಲಿಸಲಿಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡಿದರು, ಇಳಿದಿತ್ತು. ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಕರಿಕೆ ಬಿಡದಿದ್ದರೆ ಮಾತ್ರ ಮುಂದಿನ ಟೆಸ್ಟಿಗೆ ಕಾಯದೆ ಅವತ್ತೇ ಡಾಕ್ಟರನ್ನು ನೋಡಿ.

ಲಿವರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೃದಯದ ಬಗ್ಗೆ ಯಾರೂ ಹೇಳುವುದಿಲ್ಲ. ಇಟ್ರಾಕೊನಜೋಲ್ ಹೃದಯದ ಬಲ ಕುಗ್ಗಿಸಬಹುದು. ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ತಡಮಾಡಬೇಡಿ. ತಂದೆಗೆ ಮೊದಲೇ ಹೃದಯದ ತೊಂದರೆ ಇದ್ದರೆ ಅದನ್ನು ಡಾಕ್ಟರಿಗೆ ಹೇಳಿದ್ದೀರಾ ಅಂತ ನೆನಪಿಸಿಕೊಳ್ಳಿ.

ಈ ಗುಂಪಿನ ಔಷಧಿಗಳು ಲಿವರ್ ಬೇರೆ ಔಷಧಿಗಳನ್ನು ಕರಗಿಸುವ ದಾರಿಗೆ ಅಡ್ಡ ನಿಲ್ಲುತ್ತವೆ, ಆಗ ಆ ಔಷಧಿಗಳು ಮೈಯಲ್ಲೇ ಜಮಾ ಆಗುತ್ತವೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಸ್ಟಾಟಿನ್ ಜೊತೆಗೆ ಇದನ್ನು ಕೊಡಲೇಬಾರದು, ಸ್ನಾಯು ಕರಗಿ ಕಿಡ್ನಿ ಕೆಡಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದರೆ ರಕ್ತಸ್ರಾವದ ಭಯ. ಉಲ್ಟಾ ಕೂಡ ಇದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇವು ಇಟ್ರಾಕೊನಜೋಲನ್ನೇ ಖಾಲಿ ಮಾಡಿಬಿಡುತ್ತವೆ. ಮನೆಯಲ್ಲಿರುವ ಮಾತ್ರೆ, ಸಿರಪ್, ಗಿಡಮೂಲಿಕೆ ಎಲ್ಲವನ್ನೂ ಒಂದು ಚೀಲಕ್ಕೆ ಸುರಿದು ಡಾಕ್ಟರ ಮುಂದೆ ಇಡಿ, ಬಾಯಲ್ಲಿ ಹೇಳಲು ಹೋದರೆ ನನ್ನ ಹಾಗೆ ಒಂದು ಮರೆತೇ ಹೋಗುತ್ತದೆ.

ಅದಕ್ಕೇ ನಿಮ್ಮ ಸಾಲಿನಲ್ಲಿ ಇನ್‌ಹೇಲರ್ ನನ್ನ ಕಣ್ಣಿಗೆ ಬಿದ್ದಿದ್ದು. ಮೇಲೆ ಬುಡೆಸೊನೈಡ್ ಅಥವಾ ಫ್ಲುಟಿಕಾಸೋನ್ ಅಂತ ಇದೆಯಾ ನೋಡಿ. ಎರಡೂ ಸ್ಟೀರಾಯ್ಡ್. ಬರೀ ಎಳೆದುಕೊಳ್ಳುವುದು ಅಲ್ವಾ ಅನಿಸುತ್ತದೆ, ಆದರೆ ಇಟ್ರಾಕೊನಜೋಲ್ ಜೊತೆ ಸೇರಿದರೆ ಆ ಸ್ಟೀರಾಯ್ಡ್ ರಕ್ತದಲ್ಲಿ ಜಾಸ್ತಿಯಾಗಿ, ವಾರಗಳಲ್ಲಿ ಮುಖ ಊದಿ, ಸಕ್ಕರೆ ಏರಿ, ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ನಿಂತೇ ಹೋಗಬಹುದು. ಹಾಗಂತ ನೀವೇ ಇನ್‌ಹೇಲರ್ ನಿಲ್ಲಿಸಬೇಡಿ, ಏಕಾಏಕಿ ನಿಲ್ಲಿಸುವುದು ಇನ್ನೂ ಅಪಾಯ. ಬದಲಿಗೆ ಬೇರೆ ಇನ್‌ಹೇಲರ್ ಕೊಡಲು ಡಾಕ್ಟರಿಗೆ ದಾರಿ ಇದೆ. ಆಸಿಡಿಟಿ ಮಾತ್ರೆ, ಇನ್‌ಹೇಲರ್ ಎರಡರ ಹೆಸರೂ ಬರೆದಿಟ್ಟುಕೊಂಡು ನಾಳೆಯೇ ಫೋನ್ ಮಾಡಿ, ಮುಂದಿನ ಭೇಟಿವರೆಗೆ ಕಾಯಬೇಡಿ.